ಅಂಗಳದಲ್ಲೂ ಕಾಡುಹಾದಿಯಲ್ಲೂ ವಿಷದ ಹಾವುಗಳ ನಡುವೆ ಎಚ್ಚರದಿಂದ ಬಾಳುವ ಕ್ರಮ

ವಿಷದ ಹಾವುಗಳಿರುವ ಊರಿನಲ್ಲಿ ಬದುಕುವವರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಆ ಹಾವುಗಳ ದಿನಚರಿಯ ಅರಿವು. ಯಾವ ಹಾವು ಎಲ್ಲಿ ಮಲಗುತ್ತದೆ, ಯಾವ ಹೊತ್ತಿನಲ್ಲಿ ಹೊರಡುತ್ತದೆ, ಏನನ್ನು ಹುಡುಕಿಕೊಂಡು ಮನೆಯ ಹತ್ತಿರ ಬರುತ್ತದೆ ಎಂಬುದು ಗೊತ್ತಿದ್ದರೆ ನಮ್ಮ ಕೈಕಾಲುಗಳನ್ನು ಎಲ್ಲಿ ಇಡಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ. ಹಾವು ಕಡಿತದ ಕುರಿತು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಚ್ಚಿ ಸತ್ತಿದ್ದಾರೆ. ಅವರಲ್ಲಿ ಬಹುಪಾಲು ಹಳ್ಳಿಗರು, ಮತ್ತು ಸುಮಾರು ಅರ್ಧದಷ್ಟು ಸಾವುಗಳು ಸಂಭವಿಸಿದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಇಷ್ಟು ಸಾವುಗಳು ಒಂದೇ ಋತುವಿನಲ್ಲಿ, ಗದ್ದೆ, ತೋಟ ಮತ್ತು ಮಲಗುವ ಕೋಣೆಗಳಂಥ ಗೊತ್ತಿರುವ ಜಾಗಗಳಲ್ಲಿ ಆಗುತ್ತವೆ ಎಂದಾದರೆ ಅವುಗಳಲ್ಲಿ ಅನೇಕವನ್ನು ತಪ್ಪಿಸುವುದು ಸಾಧ್ಯವಿದೆ ಎಂದೇ ಅರ್ಥ. ಈ ಬರಹ ಆ ತಪ್ಪಿಸುವ ಕೆಲಸವನ್ನು ಕುರಿತದ್ದು.

ಯಾವ ಹಾವು, ಎಲ್ಲಿ, ಯಾವ ಹೊತ್ತಿನಲ್ಲಿ

ನಮ್ಮಲ್ಲಿ ಪ್ರಾಣಕ್ಕೆ ಎರವಾಗುವ ಕಡಿತಗಳಲ್ಲಿ ಹೆಚ್ಚಿನವು ನಾಲ್ಕು ಹಾವುಗಳಿಂದ ಆಗುತ್ತವೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ.

ನಾಗರಹಾವನ್ನು ಪರಿಚಯಿಸಬೇಕಾಗಿಲ್ಲ. ಆದರೆ ಹೆಡೆ ಬಿಚ್ಚದೆ ಹರಿದು ಹೋಗುವ ನಾಗರವನ್ನು ಕೇರೆಹಾವೆಂದು ತಿಳಿದು ಹತ್ತಿರ ಹೋಗುವವರಿದ್ದಾರೆ ಎಂಬುದನ್ನು ನೆನಪಿಡಬೇಕು. ಅದು ಹಗಲಿನಲ್ಲೂ ಮುಸ್ಸಂಜೆಯಲ್ಲೂ ಓಡಾಡುತ್ತದೆ, ಇಲಿ, ಹೆಗ್ಗಣ, ಕಪ್ಪೆಗಳನ್ನು ಹುಡುಕಿಕೊಂಡು ಕೊಟ್ಟಿಗೆ, ಕೋಳಿಗೂಡು, ಬಣವೆಗಳ ಕಡೆಗೆ ಬರುತ್ತದೆ, ಸಾಧ್ಯವಾದಷ್ಟೂ ತಪ್ಪಿಸಿಕೊಂಡು ಹೋಗಲು ನೋಡುತ್ತದೆ, ಹೋಗಲು ದಾರಿ ಸಿಗದಿದ್ದಾಗ ಹೆಡೆಯೆತ್ತಿ ಎಚ್ಚರಿಸುತ್ತದೆ.

ಕೊಳಕುಮಂಡಲದ ಸ್ವಭಾವ ಇದಕ್ಕೆ ತೀರ ಬೇರೆ. ಕರಾವಳಿಯಲ್ಲಿ ಕನ್ನಡಿ ಹಾವು ಎಂದೂ ಕರೆಯುವ ಈ ದಪ್ಪ ಮೈಯ ಹಾವಿನ ಬೆನ್ನ ಮೇಲೆ ಕಂದು ಬಣ್ಣದ ಅಂಡಾಕಾರದ ಮಚ್ಚೆಗಳು ಸರಪಳಿಯ ಹಾಗೆ ಮೂರು ಸಾಲಾಗಿ ಇರುತ್ತವೆ. ಅದು ಬೇಟೆಗಾಗಿ ಅಲೆಯುವುದು ಕಡಿಮೆ. ಇಲಿ ಓಡಾಡುವ ದಾರಿಯ ಪಕ್ಕದಲ್ಲಿ ಸುರುಳಿ ಸುತ್ತಿ ಗಂಟೆಗಟ್ಟಲೆ ಅಲುಗಾಡದೆ ಕಾಯುತ್ತದೆ. ತನ್ನ ಬಣ್ಣವೇ ತನ್ನನ್ನು ಮರೆಮಾಡುತ್ತದೆಂಬ ನೆಚ್ಚಿಕೆ ಅದಕ್ಕಿರುವುದರಿಂದ ಮನುಷ್ಯರ ಹೆಜ್ಜೆಯ ಸದ್ದಿಗೆ ಓಡಿಹೋಗದೆ ಅಲ್ಲೇ ಉಳಿಯುತ್ತದೆ. ಕೆಣಕಿದಾಗ ಕುಕ್ಕರ್ ಸೀಟಿಯಂಥ ದೀರ್ಘ ಬುಸುಗುಟ್ಟುವಿಕೆ ಕೇಳುತ್ತದಾದರೂ ತುಳಿದ ಮೇಲೆ ಆ ಎಚ್ಚರಿಕೆಗೆ ಸಮಯವೇ ಇರುವುದಿಲ್ಲ. ಕಾಲು ಬಡಿಯುತ್ತ ನಡೆದರೆ ಹಾವುಗಳೆಲ್ಲ ಸರಿದುಹೋಗುತ್ತವೆ ಎಂಬ ಹಳೆಯ ಮಾತು ನಾಗರ, ಕೇರೆಗಳ ಮಟ್ಟಿಗೆ ಬಹುತೇಕ ಸರಿ, ಕೊಳಕುಮಂಡಲದ ಮಟ್ಟಿಗೆ ಅದನ್ನು ನಂಬಲಾಗದು. ಅಲ್ಲಿ ಕಾಪಾಡುವುದು ಬೆಳಕು ಮತ್ತು ಬೂಟು ಮಾತ್ರ.

ಗರಗಸ ಮಂಡಲ ಅಥವಾ ಉರಿಮಂಡಲ ಸಾಮಾನ್ಯವಾಗಿ ಎರಡಡಿಗಿಂತ ಚಿಕ್ಕದು. ಬಯಲುಸೀಮೆಯ ಕಲ್ಲುನೆಲ, ಕುರುಚಲು ಕಾಡು, ಕಲ್ಲು ಪೇರಿಸಿದ ಬದುಗಳು ಅದರ ನೆಲೆ. ಸುರುಳಿಯ ಮಡಿಕೆಗಳನ್ನು ಒಂದಕ್ಕೊಂದು ಉಜ್ಜಿ ಗರಗಸದಂಥ ಸದ್ದು ಹೊರಡಿಸುತ್ತದೆ. ಗಾತ್ರ ನೋಡಿ ಮರಿಯೆಂದು ಅಸಡ್ಡೆ ಮಾಡುವುದರಿಂದಲೇ ಅನೇಕರು ಕಚ್ಚಿಸಿಕೊಳ್ಳುತ್ತಾರೆ.

ನಾಲ್ಕರಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಕಟ್ಟುಹಾವು. ಕೆಲವೆಡೆ ಇದನ್ನು ಕಟ್ಟಿಗೆ ಹಾವು ಎಂದೂ ಕಡಂಬಳ ಎಂದೂ ಕರೆಯುತ್ತಾರೆ. ಹೊಳೆಯುವ ನೀಲಿಗಪ್ಪು ಮೈ, ಅದರ ಮೇಲೆ ಹೆಚ್ಚಾಗಿ ಜೋಡಿಜೋಡಿಯಾಗಿ ಬರುವ ತೆಳುವಾದ ಬಿಳಿ ಪಟ್ಟೆಗಳು. ಪಟ್ಟೆಗಳು ಬಾಲದ ಕಡೆ ಸ್ಪಷ್ಟ, ಕತ್ತಿನ ಕಡೆ ಬಂದಂತೆ ಮಾಸುತ್ತವೆ. ಮನೆಗಳ ಗೋಡೆ ಹತ್ತುವ ನಿರುಪದ್ರವಿ ತೋಳಹಾವಿಗೆ ಪಟ್ಟೆಗಳು ಕತ್ತಿನಿಂದಲೇ ಢಾಳಾಗಿ ಆರಂಭವಾಗುತ್ತವೆ. ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದಾದರೂ ಕತ್ತಲಲ್ಲಿ, ಗಾಬರಿಯಲ್ಲಿ ಅದನ್ನು ನೆಚ್ಚಿಕೊಂಡು ಕೈಹಾಕುವುದು ಸಲ್ಲದು. ಕಟ್ಟುಹಾವು ಹಗಲೆಲ್ಲ ಇಟ್ಟಿಗೆ ರಾಶಿಯಲ್ಲೋ ಬಿಲದಲ್ಲೋ ಮುದುಡಿಕೊಂಡಿದ್ದು ರಾತ್ರಿ ಹೊರಡುತ್ತದೆ, ಹಲ್ಲಿ, ಇಲಿ, ಬೇರೆ ಹಾವುಗಳನ್ನು ಹುಡುಕುತ್ತ ಮನೆಯೊಳಗೂ ಬರುತ್ತದೆ, ನೆಲದ ಮೇಲೆ ಮಲಗಿದವರ ಹಾಸಿಗೆಯ ಮೇಲೂ ಹರಿಯುತ್ತದೆ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಮೈಯಡಿ ಸಿಕ್ಕಿದಾಗ ಕಚ್ಚುತ್ತದೆ. ಆ ಕಡಿತ ಎಷ್ಟೋ ಸಲ ನೋಯುವುದೂ ಇಲ್ಲ, ಊದುವುದೂ ಇಲ್ಲ, ಗುರುತೂ ಕಾಣುವುದಿಲ್ಲ.

ಮಲೆನಾಡು ಮತ್ತು ಘಟ್ಟದ ಕೆಳಗಿನವರಿಗೆ ಇನ್ನೆರಡು ಬಗೆಯ ಹಾವುಗಳ ಪರಿಚಯ ಬೇಕು. ತೋಟದ ತರಗೆಲೆಯಲ್ಲಿ ಅಡಗಿರುವ, ಮೂತಿಯ ತುದಿ ಮೇಲಕ್ಕೆ ಮಡಿದಿರುವ ಒಂದಡಿಯಷ್ಟು ಉದ್ದದ ಗುಳಿಮಂಡಲ ಕಾಫಿ, ಅಡಿಕೆ ತೋಟಗಳ ಕೆಲಸಗಾರರಿಗೆ ಆಗಾಗ ಕಚ್ಚುತ್ತದೆ; ಹೆಚ್ಚಿನವರಿಗೆ ನೋವು, ಬಾವು ಬಂದು ಗುಣವಾದರೂ ಕೆಲವರ ಮೂತ್ರಪಿಂಡಗಳು ಕೆಡುತ್ತವೆ, ಮತ್ತು ನಮ್ಮಲ್ಲಿ ಸಿಗುವ ಪ್ರತಿವಿಷ ಮೇಲೆ ಹೇಳಿದ ನಾಲ್ಕು ಹಾವುಗಳ ವಿಷದಿಂದಷ್ಟೇ ತಯಾರಾಗುವುದರಿಂದ ಇದಕ್ಕೆ ನಾಟುವುದಿಲ್ಲ. ಇನ್ನೊಂದು ಕಾಳಿಂಗ ಸರ್ಪ. ಆಗುಂಬೆಯ ಸುತ್ತ ದಶಕಗಳಿಂದ ಅಧ್ಯಯನಕ್ಕೆ ಒಳಗಾಗಿರುವ ಈ ಹಾವನ್ನು 2024ರಲ್ಲಿ ಪಶ್ಚಿಮ ಘಟ್ಟದ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾಯಿತು. ಗಾತ್ರದಿಂದ ನಡುಕ ಹುಟ್ಟಿಸಿದರೂ ಅದು ಮನುಷ್ಯರಿಗೆ ಕಚ್ಚುವುದು ಬಹಳ ಅಪರೂಪ. ಅದು ಅಂಗಳಕ್ಕೆ ಬರುವುದು ಸಾಮಾನ್ಯವಾಗಿ ಕೇರೆಹಾವನ್ನೋ ನಾಗರಹಾವನ್ನೋ ಅಟ್ಟಿಸಿಕೊಂಡು.

ಮನೆಯ ಸುತ್ತಮುತ್ತ

ಹಾವು ಮನೆಗೆ ಬರುವುದು ಆಹಾರಕ್ಕೆ ಮತ್ತು ಅಡಗಲು. ಇವೆರಡನ್ನು ಮನೆಯ ಗೋಡೆಯಿಂದ ದೂರ ಒಯ್ದರೆ ಹಾವೂ ಬಹುಮಟ್ಟಿಗೆ ದೂರ ಉಳಿಯುತ್ತದೆ. ಕಟ್ಟಿಗೆ, ತೆಂಗಿನ ಸಿಪ್ಪೆ, ಸೋಗೆ, ಹಳೆಯ ಹೆಂಚು, ಮನೆ ಕಟ್ಟಿ ಉಳಿದ ಇಟ್ಟಿಗೆಗಳನ್ನು ಗೋಡೆಗೆ ಒತ್ತಿ ಪೇರಿಸುವುದು ನಮ್ಮಲ್ಲಿ ವಾಡಿಕೆ, ಏಕೆಂದರೆ ಅಲ್ಲಿ ಮಳೆ ಬೀಳುವುದಿಲ್ಲ. ಮಳೆ ಬೀಳದ, ಬೆಚ್ಚಗಿನ, ಸಂದುಗಳಿರುವ ಆ ಜಾಗವೇ ಇಲಿಗೂ ಅದರ ಹಿಂದೆ ಬರುವ ಹಾವಿಗೂ ಹೇಳಿ ಮಾಡಿಸಿದ ಮನೆ. ಕಟ್ಟಿಗೆಯ ಮನೆಯನ್ನು ವಾಸದ ಮನೆಯಿಂದ ಬೇರೆ ಇಟ್ಟು, ರಾಶಿಯನ್ನು ನೆಲದಿಂದ ಒಂದಡಿ ಎತ್ತರದ ಅಟ್ಟಣಿಗೆಯ ಮೇಲೆ ಪೇರಿಸಿ, ಅದರಡಿಯ ನೆಲ ದೂರದಿಂದಲೇ ಕಾಣುವಂತೆ ಖಾಲಿ ಬಿಡುವುದು ಒಳ್ಳೆಯದು. ಮನೆಯ ಸುತ್ತ ನಾಲ್ಕೈದು ಅಡಿಯಷ್ಟು ನೆಲವನ್ನು ಹುಲ್ಲು ಬೆಳೆಯದಂತೆ, ಪೊದೆ ಕಟ್ಟದಂತೆ ಇಟ್ಟುಕೊಂಡರೆ ಅಲ್ಲಿ ದಾಟುವ ಹಾವು ಕಣ್ಣಿಗೆ ಬೀಳುತ್ತದೆ.

ಇಲಿಗಳ ವಿಷಯವನ್ನು ಒತ್ತಿ ಹೇಳಬೇಕು. ಭತ್ತ, ರಾಗಿ, ಕೋಳಿಯ ಕಾಳು, ನಾಯಿಗೆ ಹಾಕಿ ಉಳಿದ ಅನ್ನ, ಅಂಗಳದ ಮೂಲೆಯಲ್ಲಿ ಎಸೆದ ಮುಸುರೆ ಇವೆಲ್ಲ ಇಲಿಯನ್ನು ಕರೆಯುತ್ತವೆ. ಕಾಳನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಟ್ಟು, ಮುಸುರೆಯನ್ನು ಮನೆಯಿಂದ ದೂರದ ಗೊಬ್ಬರಗುಂಡಿಗೆ ಹಾಕಿ, ಕೊಟ್ಟಿಗೆಯ ಹೆಗ್ಗಣದ ಬಿಲಗಳನ್ನು ಕಲ್ಲು-ಗಾರೆಯಿಂದ ಮುಚ್ಚಿದರೆ ಹಾವಿನ ವಿರುದ್ಧ ಮಾಡಬೇಕಾದ ಕೆಲಸದಲ್ಲಿ ಅರ್ಧ ಮುಗಿದ ಹಾಗೆ. ಕೋಳಿಗೂಡಿಗೆ ಅರ್ಧ ಇಂಚಿಗಿಂತ ದೊಡ್ಡ ಕಣ್ಣಿನ ಜಾಲರಿ ಬೇಡ.

ಒಳನುಗ್ಗುವ ದಾರಿಗಳಲ್ಲಿ ಬಚ್ಚಲ ನೀರು ಹೊರಹೋಗುವ ಕಿಂಡಿ ಮೊದಲನೆಯದು. ಅದಕ್ಕೆ ಜಾಲರಿ ಕೂರಿಸಬೇಕು, ಬಾಗಿಲುಗಳ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಬೇಕು, ಕಿಟಕಿಗೆ ತಾಗುವ ಮರದ ಕೊಂಬೆ ಮತ್ತು ಬಳ್ಳಿಗಳನ್ನು ಸವರಬೇಕು. ರಾತ್ರಿ ಹೊರಗೆ ಬಿಟ್ಟ ಚಪ್ಪಲಿ, ಬೂಟು, ಹೆಲ್ಮೆಟ್ಟುಗಳನ್ನು ಬೆಳಿಗ್ಗೆ ತಲೆಕೆಳಗು ಮಾಡಿ ಕೊಡವಿ ನೋಡದೆ ತೊಡಬಾರದು. ಬಚ್ಚಲೊಲೆಗೆ ಕಟ್ಟಿಗೆ ತುಂಬುವಾಗ ಕೈಗಿಂತ ಮೊದಲು ದೀಪದ ಬೆಳಕು ಹೋಗಬೇಕು.

ಫಿನಾಯಿಲ್, ನ್ಯಾಫ್ತಲೀನ್ ಗುಳಿಗೆ, ಬೆಳ್ಳುಳ್ಳಿ ನೀರು, ಉಪ್ಪಿನ ಗೆರೆ, ಅಂಗಡಿಯಲ್ಲಿ ಸಿಗುವ ಹಾವು ಓಡಿಸುವ ಪುಡಿ ಇವುಗಳಿಗೆ ಹಣ ಸುರಿಯಬೇಡಿ. ಇವು ಹಾವನ್ನು ತಡೆಯುತ್ತವೆ ಎಂಬುದಕ್ಕೆ ಆಧಾರವಿಲ್ಲ. ಕಾರ್ಬಾಲಿಕ್ ಆಮ್ಲವಂತೂ ಮಕ್ಕಳ ಮತ್ತು ಸಾಕುಪ್ರಾಣಿಗಳ ಚರ್ಮವನ್ನು ಸುಡುವಂಥ ಅಪಾಯದ ವಸ್ತು. ಹಿತ್ತಲಿನ ಕೇರೆಹಾವನ್ನು ಕೊಂದು ನೆಮ್ಮದಿಪಡುವುದೂ ನಷ್ಟದ ವ್ಯವಹಾರ. ಅದಕ್ಕೆ ವಿಷವಿಲ್ಲ, ಬಾಲದಲ್ಲಿ ವಿಷವಿದೆ ಎಂಬ ಮಾತು ಸುಳ್ಳು, ಅದು ತಿನ್ನುವ ಇಲಿಗಳು ಉಳಿದರೆ ಅವನ್ನು ಹುಡುಕಿಕೊಂಡು ಬರುವುದು ನಾಗರವೋ ಮಂಡಲವೋ ಆಗಿರುತ್ತದೆ. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಹಿರಿಯರು ನಾಗಬನಗಳನ್ನು ಕಡಿಯದೆ ಉಳಿಸಿಕೊಂಡು ಬಂದದ್ದರಿಂದ ಮನೆಯಿಂದಾಚೆಗೆ ಹಾವಿಗೊಂದು ನೆಲೆ ಉಳಿಯಿತು. ಆ ಬನಗಳ ಸುತ್ತ ಕಾಂಕ್ರೀಟು ಹಾಕಿ ಮರಗಳನ್ನು ಬೋಳಿಸುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ರಾತ್ರಿಯ ಹಾಸಿಗೆ

ಮಳೆಗಾಲದಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗುವ ಅಭ್ಯಾಸವನ್ನು ಸಾಧ್ಯವಾದ ಎಲ್ಲ ಮನೆಗಳೂ ಬಿಡಬೇಕು. ಕಟ್ಟುಹಾವಿನ ಕಡಿತವನ್ನು ತಪ್ಪಿಸಲು ಮಂಚ ಮತ್ತು ಸೊಳ್ಳೆಪರದೆಗಿಂತ ಅಗ್ಗದ, ಖಚಿತವಾದ ಉಪಾಯ ಇನ್ನೊಂದಿಲ್ಲ. ಆದರೆ ಪರದೆಯನ್ನು ಸುಮ್ಮನೆ ಇಳಿಬಿಟ್ಟರೆ ಸೊಳ್ಳೆಗಷ್ಟೇ ತಡೆಯಾಗುತ್ತದೆ. ಮಲಗುವ ಮುನ್ನ ಹಾಸಿಗೆಯನ್ನು ಒಮ್ಮೆ ಪೂರ್ತಿ ಎತ್ತಿ ಕೊಡವಿ, ಪರದೆಯ ಅಂಚನ್ನು ನಾಲ್ಕು ಬದಿಯಲ್ಲೂ ಹಾಸಿಗೆಯ ಅಡಿಗೆ ಒಂದು ಗೇಣಿನಷ್ಟು ಸಿಕ್ಕಿಸಿ, ಒಳಗೆ ಹೋದ ಬದಿಯನ್ನು ಒಳಗಿನಿಂದ ಮತ್ತೆ ಸಿಕ್ಕಿಸಿಕೊಳ್ಳಬೇಕು. ಹೊದಿಕೆಯ ತುದಿ ನೆಲಕ್ಕೆ ಇಳಿಬೀಳದಂತೆ ಮಡಚಬೇಕು, ಮಂಚವನ್ನು ಗೋಡೆಯಿಂದ ಸ್ವಲ್ಪ ಸರಿಸಿಡಬೇಕು. ಮಂಚವಿಲ್ಲದ ಮನೆಯಲ್ಲೂ ಚಾಪೆಯ ಅಡಿಗೆ ಹೀಗೆ ಸುತ್ತ ಸಿಕ್ಕಿಸಿದ ಪರದೆ ಕಾಪಾಡುತ್ತದೆ. ತೋಟದ ಶೆಡ್ಡುಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ, ಕಬ್ಬು ಕಡಿಯಲು ಬಂದು ಗುಡಿಸಲು ಹಾಕಿಕೊಂಡ ಜಾಗಗಳಲ್ಲಿ ಮಲಗುವ ಕೂಲಿಕಾರರಿಗೆ ಪರದೆ ಕೊಡಿಸುವುದು ಕೆಲಸ ಕೊಟ್ಟವರ ಹೊಣೆ ಎಂದು ನಾನು ದೃಢವಾಗಿ ನಂಬುತ್ತೇನೆ.

ರಾತ್ರಿ ಎದ್ದಾಗ ಕಾಲನ್ನು ನೆಲಕ್ಕೆ ಇಡುವ ಮೊದಲು ಟಾರ್ಚ್ ಹಾಕಿ ನೋಡುವುದು ರೂಢಿಯಾಗಬೇಕು. ಟಾರ್ಚನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳಿ, ಕಪಾಟಿನಲ್ಲಿಟ್ಟ ಟಾರ್ಚಿನಿಂದ ಉಪಯೋಗವಿಲ್ಲ.

ಗದ್ದೆ, ತೋಟದ ಕೆಲಸ

ಹಾವು ಕಡಿತಗಳಲ್ಲಿ ಹೆಚ್ಚಿನವು ಪಾದಕ್ಕೆ, ಕಣಕಾಲಿಗೆ, ಅಂಗೈಗೆ ಆಗುತ್ತವೆ. ಮೊಣಕಾಲಿನ ಕೆಳಗಿನವರೆಗೆ ಬರುವ ರಬ್ಬರ್ ಗಂಬೂಟು ಈ ಕಡಿತಗಳಲ್ಲಿ ದೊಡ್ಡ ಪಾಲನ್ನು ತಡೆಯುತ್ತದೆ. ಕೆಸರುಗದ್ದೆಯಲ್ಲಿ ಬೂಟು ಹಾಕಿಕೊಂಡು ನಾಟಿ ಮಾಡಲಾಗದು ಎಂಬುದು ನಿಜ; ಆದರೆ ಹುಲ್ಲು ಕೊಯ್ಯುವಾಗ, ಬದುವಿನ ಮೇಲೆ ನಡೆಯುವಾಗ, ರಾತ್ರಿ ನೀರು ಹಾಯಿಸಲು ಅಥವಾ ಪಂಪು ಚಾಲೂ ಮಾಡಲು ಹೋಗುವಾಗ ಹಾಕಿಕೊಳ್ಳಲು ಯಾವ ತೊಡಕೂ ಇಲ್ಲ. ಬಯಲುಸೀಮೆಯಲ್ಲಿ ರಾತ್ರಿಯ ಹೊತ್ತು ತ್ರೀ ಫೇಸ್ ವಿದ್ಯುತ್ ಬಂದಾಗ ಬರಿಗಾಲಲ್ಲಿ ಹೊಲಕ್ಕೆ ಓಡುವ ರೈತರಿಗೆ ಬೂಟು ಮತ್ತು ಒಳ್ಳೆಯ ಹೆಡ್‌ಲೈಟ್ ಎರಡೂ ಬೇಕೇಬೇಕು. ಹೆಡ್‌ಲೈಟ್ ಇದ್ದರೆ ಕೈ ಎರಡೂ ಬಿಡುವಾಗಿರುತ್ತವೆ, ನೋಡಿದ ಕಡೆಗೇ ಬೆಳಕೂ ಬೀಳುತ್ತದೆ.

ಬಿದ್ದ ಅಡಿಕೆ ಹೆಕ್ಕುವಾಗ, ಹಾಳೆ ಎತ್ತುವಾಗ ಕೈ ಬಳಸುವ ಕ್ರಮದಲ್ಲಿ ಒಂದು ಸಣ್ಣ ಬದಲಾವಣೆ ಸಾಕು. ನೆಲದ ಮೇಲೆ ಮಗುಚಿ ಬಿದ್ದ ಹಾಳೆಯ ನಮ್ಮ ಕಡೆಯ ಅಂಚನ್ನು ಹಿಡಿದು ಎತ್ತಿದರೆ ಅಡಿಯಲ್ಲಿರುವ ಹಾವಿನ ಎದುರಿಗೆ ನಮ್ಮ ಕಾಲೇ ತೆರೆದುಕೊಳ್ಳುತ್ತದೆ. ಅದರ ಬದಲು ಉದ್ದನೆಯ ಕೊಕ್ಕೆಯಿಂದ ಆಚೆ ಬದಿಯ ಅಂಚನ್ನು ಸಿಕ್ಕಿಸಿ ನಮ್ಮ ಕಡೆಗೆ ಮಗುಚಿದರೆ ಹಾಳೆಯೇ ನಮಗೂ ಹಾವಿಗೂ ನಡುವೆ ಅಡ್ಡಗೋಡೆಯಾಗಿ ನಿಲ್ಲುತ್ತದೆ, ಹಾವಿಗೆ ಆಚೆಗೆ ಓಡಲು ದಾರಿಯೂ ಸಿಗುತ್ತದೆ. ಕಲ್ಲು, ಹಲಗೆ, ತಗಡು, ಟಾರ್ಪಾಲು ಯಾವುದನ್ನೇ ಎತ್ತುವಾಗಲೂ ಇದೇ ಕ್ರಮ ಸರಿ. ತರಗೆಲೆ ಗುಡಿಸಲು ಕೈ ಬೇಡ, ಕುಂಟೆಯೋ ಉದ್ದ ಹಿಡಿಯ ಪೊರಕೆಯೋ ಇರಲಿ. ಭತ್ತದ ಕೊಯ್ಲಿನಲ್ಲಿ ಇಲಿಗಳೂ ಅವುಗಳ ಹಿಂದೆ ಕೊಳಕುಮಂಡಲಗಳೂ ಇನ್ನೂ ಕೊಯ್ಯದೆ ಉಳಿದ ನಡುಭಾಗಕ್ಕೆ ಸರಿಯುತ್ತ ಹೋಗುವುದರಿಂದ ಕೊನೆಯ ಕೆಲವು ಸಾಲುಗಳಲ್ಲಿ ಅವಸರ ಮಾಡದೆ, ಬುಡಕ್ಕೆ ಕೈಹಾಕುವ ಮೊದಲು ಕೋಲಿನಿಂದ ಪೈರನ್ನು ಆಚೀಚೆ ಸರಿಸಿ ನೋಡಬೇಕು.

ಚಾರಣದ ಹಾದಿ

ಕುಮಾರಪರ್ವತ, ಕುದುರೆಮುಖ, ಕೊಡಚಾದ್ರಿಯಂಥ ಘಟ್ಟದ ಹಾದಿಗಳಲ್ಲೂ ಬೆಂಗಳೂರಿನ ಸುತ್ತಲಿನ ಕಲ್ಲುಬೆಟ್ಟಗಳಲ್ಲೂ ಅಪಾಯದ ಬಗೆ ಬೇರೆಬೇರೆ. ಕಲ್ಲುಬೆಟ್ಟದಲ್ಲಿ ಸೂರ್ಯೋದಯ ನೋಡಲೆಂದು ಕತ್ತಲಲ್ಲಿ ಹತ್ತುವವರು ಬಂಡೆಯ ಮೇಲೆ ಕೈಯೂರಿ ಏರುತ್ತಾರೆ, ಮೇಲಿನ ತಟ್ಟಿನಲ್ಲಿ ಏನಿದೆ ಎಂದು ಕಾಣದೆ ಕೈ ಚಾಚುತ್ತಾರೆ. ಕಣ್ಣಿಗೆ ಕಾಣದ ಜಾಗಕ್ಕೆ ಕೈ ಹೋಗಬಾರದು ಎಂಬ ಒಂದೇ ನಿಯಮವನ್ನು ಅಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು. ಘಟ್ಟದ ಮಳೆಗಾಲದಲ್ಲಿ ಗುಳಿಮಂಡಲಗಳು ಹಳ್ಳದ ಬದಿಯ ಪೊದೆಯಲ್ಲಿ, ಸೊಂಟದೆತ್ತರದ ಕೊಂಬೆಯಲ್ಲಿ, ಪಾಚಿಗಟ್ಟಿದ ಬಂಡೆಯ ಮೇಲೆ ಎಲೆಯ ಬಣ್ಣಕ್ಕೆ ಬೆರೆತು ದಿನಗಟ್ಟಲೆ ಒಂದೇ ಕಡೆ ಕೂತಿರುತ್ತವೆ. ಜಾರಿದಾಗ ಆಸರೆಗೆಂದು ಹಿಡಿಯುವ ಕೊಂಬೆಯೇ ಅಪಾಯದ ಜಾಗವಾಗಬಹುದು. ಆದ್ದರಿಂದ ಊರುಗೋಲು ಇಟ್ಟುಕೊಂಡು ಹೋಗುವುದು ಉತ್ತಮ.

ದಾರಿಗೆ ಅಡ್ಡ ಬಿದ್ದ ಮರವನ್ನು ಒಂದೇ ದಾಪುಗಾಲಿನಲ್ಲಿ ದಾಟಬಾರದು, ಮರದ ಮೇಲೆ ನಿಂತು ಆಚೆ ಬದಿಯನ್ನು ನೋಡಿ ಇಳಿಯಬೇಕು. ಕಣಕಾಲು ಮುಚ್ಚುವ ಶೂ, ದಪ್ಪ ಬಟ್ಟೆಯ ಸಡಿಲವಾದ ಪ್ಯಾಂಟು ಇರಲಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರಿಗೆ ಬುಸುಗುಟ್ಟಿದ್ದೂ ಕೇಳುವುದಿಲ್ಲ. ಹಾದಿಯಲ್ಲಿ ಹಾವು ಕಂಡರೆ ನಿಂತು, ಅದು ಎತ್ತ ಹೋಗುತ್ತದೆ ನೋಡಿ, ನಿಧಾನವಾಗಿ ಹಿಂದೆ ಸರಿದು ದಾರಿ ಬಿಡಿ. ಹಾವು ತನ್ನ ಉದ್ದದ ಅರ್ಧದಷ್ಟು ದೂರಕ್ಕೆ ಎರಗಬಲ್ಲದು ಎಂದುಕೊಂಡರೂ ಎರಡು-ಮೂರು ಮೀಟರ್ ಅಂತರ ಬಹುತೇಕ ಯಾವ ಹಾವಿಗೂ ಸಾಕು. ಕಾಳಿಂಗಕ್ಕೆ ಇನ್ನೂ ಹೆಚ್ಚು ಬಿಡಬೇಕು. ಫೋಟೋಗಾಗಿ ಹತ್ತಿರ ಹೋಗುವುದು, ಕೋಲಿನಿಂದ ತಿರುಗಿಸುವುದು ಬೇಡವೇ ಬೇಡ. ಹೊರಡುವ ಮೊದಲು ಪ್ರತಿವಿಷ ಸಿಗುವ ಅತಿ ಹತ್ತಿರದ ಆಸ್ಪತ್ರೆ ಯಾವುದು, ಹಾದಿಯಲ್ಲಿ ಫೋನ್ ಸಿಗ್ನಲ್ ಎಲ್ಲಿಂದ ಸಿಗುತ್ತದೆ ಎಂಬ ಎರಡು ಸಂಗತಿಗಳನ್ನು ಸ್ಥಳೀಯ ಮಾರ್ಗದರ್ಶಕರಿಂದ ಕೇಳಿ ಬರೆದುಕೊಳ್ಳಿ.

ಹಾವು ಮನೆಯೊಳಗೆ ಬಂದಾಗ

ಮೊದಲು ಮಕ್ಕಳನ್ನು, ನಾಯಿ-ಬೆಕ್ಕುಗಳನ್ನು ಬೇರೆ ಕೋಣೆಗೆ ಕಳಿಸಿ. ಹಾವು ಹೊರಬಾಗಿಲಿನ ಹತ್ತಿರವಿದ್ದರೆ ಬಾಗಿಲು ತೆರೆದಿಟ್ಟು, ಒಳಗಿನ ಬಾಗಿಲುಗಳನ್ನು ಮುಚ್ಚಿ, ದೂರ ನಿಂತು ಸುಮ್ಮನಿದ್ದರೆ ಸಾಮಾನ್ಯವಾಗಿ ತಾನೇ ಹೋಗುತ್ತದೆ. ಒಳಗೆಲ್ಲೋ ಸೇರಿಕೊಂಡರೆ ಆ ಕೋಣೆಯ ಬಾಗಿಲು ಮುಚ್ಚಿ ಕೆಳಗಿನ ಸಂದಿಗೆ ಬಟ್ಟೆ ತುರುಕಿ, ಸಾಧ್ಯವಿದ್ದರೆ ಕಿಟಕಿಯಿಂದ ಅದು ಎಲ್ಲಿದೆಯೆಂದು ಗಮನಿಸುತ್ತ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ ನಿಮ್ಮ ಊರಿನ ತರಬೇತಾದ ಉರಗರಕ್ಷಕರಿಗೋ ಕರೆ ಮಾಡಿ. ಅವರು ಬರುವವರೆಗೆ ಕಣ್ಣು ತಪ್ಪಿಸದಿರುವುದು ಮುಖ್ಯ; ಎಲ್ಲಿ ಹೋಯಿತೆಂದು ತಿಳಿಯದ ಹಾವನ್ನು ಹುಡುಕುವುದೇ ಹಿಡಿಯುವುದಕ್ಕಿಂತ ಅಪಾಯಕರ. ಬಿಸಿನೀರು ಎರಚುವುದು, ಸೀಮೆಎಣ್ಣೆ ಸುರಿಯುವುದು ಹಾವನ್ನು ರೊಚ್ಚಿಗೆಬ್ಬಿಸಿ ಇನ್ನಷ್ಟು ಒಳಸೇರುವಂತೆ ಮಾಡುತ್ತದೆ. ಹಾವನ್ನು ಕೊಲ್ಲುವುದು, ಹಿಡಿದಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

ಹಾವನ್ನು ದೂರದ ಕಾಡಿಗೆ ಬಿಟ್ಟು ಬನ್ನಿ ಎಂದು ರಕ್ಷಕರನ್ನು ಒತ್ತಾಯಿಸಬೇಡಿ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ನಡೆಸಿದ ಅಧ್ಯಯನದಲ್ಲಿ ನೆಲೆ ತಪ್ಪಿಸಿ ದೂರ ಬಿಟ್ಟ ಹಾವು ತನ್ನ ನೆಲೆಯಲ್ಲೇ ಇರುವ ಹಾವಿಗಿಂತ ಬಹಳ ಹೆಚ್ಚು ಅಲೆದಾಡುವುದು ಕಂಡುಬಂದಿದೆ. ಹಾಗೆ ಅಲೆಯುವ ಹಾವು ಹಾದಿಯಲ್ಲಿ ಇನ್ನಷ್ಟು ಮನೆಗಳನ್ನು ಹೊಗುತ್ತದೆ. ಹತ್ತಿರದ ತಕ್ಕ ಜಾಗದಲ್ಲಿ ಬಿಡುವುದೇ ಹಾವಿಗೂ ಜನರಿಗೂ ಕ್ಷೇಮ.

ಕಚ್ಚಿದ ಮೇಲೆ

ಕಚ್ಚಿಸಿಕೊಂಡವರನ್ನು ಹಾವಿನಿಂದ ದೂರ ಸರಿಸಿ, ಕೂರಿಸಿ ಅಥವಾ ಮಲಗಿಸಿ. ಕಾಲುಂಗುರ, ಉಂಗುರ, ಬಳೆ, ಗೆಜ್ಜೆ, ವಾಚು, ಉಡಿದಾರ ಎಲ್ಲವನ್ನೂ ಕೂಡಲೇ ತೆಗೆಯಬೇಕು. ಬಾವು ಏರಿದ ಮೇಲೆ ಇವೇ ರಕ್ತಸಂಚಾರ ನಿಲ್ಲಿಸುತ್ತವೆ. ಕಚ್ಚಿದ ಕೈ ಅಥವಾ ಕಾಲು ಅಲುಗಾಡದಂತೆ ಅಡಿಕೆ ದಬ್ಬೆಯನ್ನೋ ಹಲಗೆಯ ತುಂಡನ್ನೋ ಕೊಟ್ಟು, ಬೆರಳು ನುಸುಳುವಷ್ಟು ಸಡಿಲವಾಗಿ ಬಟ್ಟೆ ಸುತ್ತಬೇಕು. ಅವರನ್ನು ನಡೆಸಬಾರದು, ಹೊತ್ತುಕೊಂಡು ಹೋಗಬೇಕು. 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ತಡವಾಗುವ ಊರಾದರೆ ಸಿಕ್ಕ ವಾಹನ ಹತ್ತಿ, ಬೈಕ್ ಒಂದೇ ಇದ್ದರೆ ಓಡಿಸುವವರು ಮತ್ತು ಹಿಂದೆ ಹಿಡಿದು ಕೂರುವವರ ನಡುವೆ ಅವರನ್ನು ಕೂರಿಸಿಕೊಂಡು ಹೊರಡಿ. ವಾಂತಿ ಬರುತ್ತಿದ್ದರೆ ಅಥವಾ ಮಂಪರು ಕವಿಯುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಬೇಕು.

ಬಿಗಿಯಾಗಿ ದಾರ ಕಟ್ಟುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು, ಐಸ್ ಇಡುವುದು, ಸುಡುವುದು, ಕಷಾಯ ಕುಡಿಸುವುದು ಯಾವುದೂ ಬೇಡ. ಯಾರೋ ಆಗಲೇ ಬಿಗಿಯಾಗಿ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಒಮ್ಮೆಗೇ ಬಿಚ್ಚಬೇಡಿ, ಅದನ್ನು ವೈದ್ಯರೇ ಬಿಚ್ಚಲಿ. ನಾಟಿ ಮದ್ದಿನಿಂದ ಬದುಕಿದವರ ಕಥೆಗಳು ಪ್ರತಿ ಊರಿನಲ್ಲೂ ಇವೆ, ಅವನ್ನು ಹೇಳುವವರು ಸುಳ್ಳು ಹೇಳುತ್ತಿಲ್ಲ. ಕಚ್ಚುವ ಹಾವುಗಳಲ್ಲಿ ಬಹಳಷ್ಟಕ್ಕೆ ವಿಷವಿಲ್ಲ, ವಿಷದ ಹಾವು ಕೂಡ ಎಷ್ಟೋ ಸಲ ವಿಷವನ್ನು ಬಿಡದೆ ಬರಿದೇ ಕಚ್ಚುತ್ತದೆ. ಅಂಥವರು ಯಾವ ಮದ್ದು ಕೊಟ್ಟರೂ, ಕೊಡದಿದ್ದರೂ ಬದುಕುತ್ತಾರೆ. ನಿಜವಾಗಿ ವಿಷವೇರಿದವರು ಮಾತ್ರ ಆ ಕಾಯುವಿಕೆಯಲ್ಲಿ ಪ್ರಾಣ ಕಳೆದುಕೊಳ್ಳುತ್ತಾರೆ. ಊರಿನ ಮದ್ದು ಕೊಡುವವರನ್ನು ಹೀಗಳೆಯದೆ, ಬಂದವರನ್ನು ಕೂಡಲೇ ಆಸ್ಪತ್ರೆಗೆ ಕಳುಹಿಸಿಕೊಡಿ ಎಂದು ಅವರನ್ನೇ ಒಪ್ಪಿಸುವುದು ಹೆಚ್ಚು ಫಲ ಕೊಡುವ ದಾರಿ.

ಹಾವನ್ನು ಹಿಡಿಯಲು ಅಥವಾ ಕೊಂದು ತರಲು ಹೊತ್ತು ಕಳೆಯಬೇಡಿ. ನಾಲ್ಕೂ ಹಾವುಗಳಿಗೆ ಪ್ರತಿವಿಷ ಒಂದೇ, ವೈದ್ಯರು ಲಕ್ಷಣ ನೋಡಿ ನಿರ್ಧರಿಸುತ್ತಾರೆ. ಕತ್ತರಿಸಿದ ತಲೆಯೂ ಕೆಲಕಾಲ ಕಚ್ಚಬಲ್ಲದು. ಕಚ್ಚಿದ ಸಮಯ, ರೆಪ್ಪೆ ಜೋಲುತ್ತಿದೆಯೇ, ಎರಡಾಗಿ ಕಾಣುತ್ತಿದೆಯೇ, ನುಂಗಲು ಕಷ್ಟವೇ, ವಸಡಿನಲ್ಲಿ ರಕ್ತ ಬರುತ್ತಿದೆಯೇ, ಬಾವು ಎಲ್ಲಿಯವರೆಗೆ ಏರಿದೆ ಎಂಬುದನ್ನು ಗಮನಿಸಿ, ಬಾವಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು ಸಮಯ ಬರೆದರೆ ವೈದ್ಯರಿಗೆ ಅದೇ ದೊಡ್ಡ ನೆರವು. ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು, ಗಂಟಲು ಕಟ್ಟಿದಂತಾಗುವುದು, ರೆಪ್ಪೆ ಎತ್ತಲಾಗದಿರುವುದು ಇವು ನೆಲದ ಮೇಲೆ ಮಲಗಿದವರಲ್ಲಿ ಕಂಡರೆ ಗಾಯ ಹುಡುಕುತ್ತ ಕೂರದೆ ಕಟ್ಟುಹಾವಿನ ಕಡಿತವೆಂದೇ ಎಣಿಸಿ ಹೊರಡಬೇಕು. ಹಳ್ಳಿಗಳಲ್ಲಿ ಹಾವಿನ ಹೆಸರೆತ್ತಲು ಹಿಂಜರಿದು ಏನೋ ಹುಳ ಮುಟ್ಟಿತು ಎನ್ನುವುದುಂಟು. ಆಸ್ಪತ್ರೆಯಲ್ಲಿ ಮಾತ್ರ ಹಾವು ಕಚ್ಚಿರಬಹುದು ಎಂದು ಬಿಚ್ಚಿ ಹೇಳಿ.

ಆಸ್ಪತ್ರೆಯಲ್ಲಿ ನಡೆಯುವುದೇನು ಎಂಬುದು ಮನೆಯವರಿಗೆ ತಿಳಿದಿದ್ದರೆ ಅನವಶ್ಯಕ ಜಗಳ ತಪ್ಪುತ್ತದೆ. ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಗಟ್ಟದಿದ್ದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತದೆ. ಆ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕಾಗುತ್ತದೆ, ಆದ್ದರಿಂದ ಸುಮ್ಮನೆ ಕೂರಿಸಿದ್ದಾರೆ ಎಂದುಕೊಳ್ಳಬಾರದು. ವಿಷವೇರಿದ ಲಕ್ಷಣ ಇದ್ದವರಿಗೆ ಮಾತ್ರ ಎಎಸ್‌ವಿ ಎನ್ನುವ ಪ್ರತಿವಿಷವನ್ನು ಮೊದಲಿಗೆ ಸಾಮಾನ್ಯವಾಗಿ 8ರಿಂದ 10 ವಯಲ್‌ಗಳಷ್ಟು ಡ್ರಿಪ್‌ನಲ್ಲಿ ಕೊಡುತ್ತಾರೆ. ಮಕ್ಕಳಿಗೂ ದೊಡ್ಡವರಷ್ಟೇ ಪ್ರಮಾಣ ಬೇಕು, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಕುದುರೆಗಳ ರಕ್ತದಿಂದ ತಯಾರಾಗುವ ಈ ಔಷಧಕ್ಕೆ ಕೆಲವರಲ್ಲಿ ತುರಿಕೆ, ದದ್ದು, ಉಸಿರುಗಟ್ಟುವಿಕೆ ಕಾಣಿಸುತ್ತವೆ. ಅದನ್ನು ನಿಭಾಯಿಸುವ ಸಿದ್ಧತೆ ಆಸ್ಪತ್ರೆಯಲ್ಲೇ ಇರುವುದರಿಂದ ಮನೆಯಲ್ಲೋ ದಾರಿಯಲ್ಲೋ ಇದನ್ನು ಕೊಡಲಾಗದು. ಲಕ್ಷಣ ಏನೂ ಇಲ್ಲದಿದ್ದರೂ 24 ಗಂಟೆ ಅಲ್ಲೇ ಉಳಿಯುವುದು ಸುರಕ್ಷಿತ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿದ್ದು, ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಪ್ರಕರಣಗಳನ್ನು ವರದಿ ಮಾಡಬೇಕು; ಯಾವ ತಾಲ್ಲೂಕಿಗೆ ಎಷ್ಟು ಔಷಧ ಬೇಕೆಂದು ತಿಳಿಯುವುದು ಈ ಲೆಕ್ಕದಿಂದಲೇ.

ಈ ಎಲ್ಲಕ್ಕೂ ಮೊದಲು, ಯಾರಿಗೂ ಏನೂ ಆಗದಿರುವಾಗಲೇ, ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ ಪ್ರತಿವಿಷ ಇದೆಯೇ, ವೆಂಟಿಲೇಟರ್ ಇದೆಯೇ, ಇಲ್ಲದಿದ್ದರೆ ಎಲ್ಲಿಗೆ ಕಳಿಸುತ್ತಾರೆ ಎಂದು ಕೇಳಿ, ಆ ಹೆಸರು ಮತ್ತು ಫೋನ್ ನಂಬರನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ. ಮನೆಗೆ ಮರಳಿದ ಮೇಲೆ ಮೂತ್ರ ಕಡಿಮೆಯಾದರೆ, ಮುಖ ಊದಿದರೆ, ಗಾಯದ ಚರ್ಮ ಕಪ್ಪಾಗುತ್ತಿದ್ದರೆ, ಒಂದೆರಡು ವಾರದ ನಂತರ ಜ್ವರ ಮತ್ತು ಕೀಲುನೋವು ಬಂದರೆ ಚಿಕಿತ್ಸೆ ಪಡೆದ ಚೀಟಿಯೊಂದಿಗೆ ಮತ್ತೆ ಅದೇ ಆಸ್ಪತ್ರೆಗೆ ಹೋಗಬೇಕು.